ಕಬ್ಬಿಣದ ಕೊಳವೆ, ಕಪ್ಪು ಮದ್ದು

ಅಲ್ಲಾಳಸಂದ್ರದಿಂದ ನಾವು ಬಳ್ಳಾರಿ ರೋಡ್ ಹಿಡಿದು ಏರ್‌ಪೋರ್ಟ್ ದಾಟಿದ್ರೆ ದೇವನಹಳ್ಳಿ. ಟಿಪ್ಪು ಸುಲ್ತಾನ್ ಹುಟ್ಟಿದ್ದು ಅಲ್ಲೇ. ತಂದೆ ಹೈದರ್ ಅಲಿ ಕಾಲದಲ್ಲೇ ಮೈಸೂರು ಸೇನೆಯಲ್ಲಿ ರಾಕೆಟ್ ಇದ್ದವು. ಟಿಪ್ಪು ಆ ಪಡೆಯನ್ನು ಬೆಳೆಸಿದ.

ಮದ್ದು ಹಳೆಯದೇ: ಪೆಟ್ಲುಪ್ಪು, ಗಂಧಕ, ಇದ್ದಿಲು. ಹೊಸದು ಅಂದ್ರೆ ಕಬ್ಬಿಣದ ಕೊಳವೆ. ಕಾಗದ, ಬಿದಿರು ಒಡೆದುಹೋಗುವ ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು. ಹಾಗಾಗಿ ಮದ್ದು ಗಟ್ಟಿಯಾಗಿ ತುಂಬಬಹುದಿತ್ತು, ರಾಕೆಟ್ ದೂರ ಹೋಗ್ತಿತ್ತು. 1780ರಲ್ಲಿ ಪೊಲ್ಲಿಲೂರಿನಲ್ಲಿ ಬ್ರಿಟಿಷರು ಸೋತರು.

1799ರ ಮೇ 2ರಂದು ಶ್ರೀರಂಗಪಟ್ಟಣ ಕೋಟೆಯೊಳಗಿನ ರಾಕೆಟ್ ದಾಸ್ತಾನೇ ಶತ್ರುವಿನ ಗುಂಡಿಗೆ ಸಿಡಿಯಿತು. ಮೇ 4ರಂದು ಟಿಪ್ಪು ಹೋರಾಡುತ್ತಲೇ ಸತ್ತ. ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅದೇ ದಾರಿಯಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಕಾಂಗ್ರೀವ್ ಹೆಸರು ಬಂದಾಗೆಲ್ಲ ನಾವು ದೇವನಹಳ್ಳಿಯನ್ನೂ ಸೇರಿಸಿಯೇ ಓದ್ಬೇಕು.