ವ್ಯರ್ಥವನ್ನು ಸಹಿಸದ ವಿಶ್ವೇಶ್ವರಯ್ಯ

ನಂದಿಬೆಟ್ಟದ ಸೀಮೆಯಲ್ಲಿ, ಚಿಕ್ಕಬಳ್ಳಾಪುರಕ್ಕೆ ಸಮೀಪವಾಗಿ ಮುದ್ದೇನಹಳ್ಳಿ ಎಂಬ ಗ್ರಾಮವಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದ್ದು ಅಲ್ಲಿಯೇ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಕಲಿತ ಬಾಲಕನು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಮುಂದೆ ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯ ಪಡೆದು, ಮನೆಪಾಠ ಹೇಳಿ ಓದಿನ ವೆಚ್ಚವನ್ನು ತೂಗಿಸಿದನು. ಪಾಠ ಹೇಳುವ ಮನೆಗೂ ಮಾವನ ಮನೆಗೂ ನಡೆದೇ ಓಡಾಡಬೇಕಾಗಿತ್ತು. ನಡಿಗೆಯ ಆ ಅಭ್ಯಾಸವನ್ನು ಅವರು ಮುಪ್ಪಿನಲ್ಲಿಯೂ ಬಿಡಲಿಲ್ಲ.

1881ರಲ್ಲಿ ಬಿ.ಎ. ಪದವಿ, ಬಳಿಕ ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಉದ್ಯೋಗ. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗುತ್ತಿತ್ತು. ನೀರು ಏರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವುಗಳನ್ನು ಅಳವಡಿಸಲಾಯಿತು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಉಪಯೋಗವಾಗದೆ ಹರಿದುಹೋಗುವುದನ್ನು ಕಂಡರೆ ಅವರ ಮನಸ್ಸು ತಡೆಯುತ್ತಿರಲಿಲ್ಲ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಅವರ ದಿವಾನಗಿರಿಯ ಕಾಲದಲ್ಲಿಯೇ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಕಿರುದಾರಿಯ ರೈಲು ಬಂದಿತೆಂಬುದನ್ನು ನೆನೆಯುವವರು ಕಡಮೆ. ಸರಕಾರಿ ವಾಹನವನ್ನು ಸ್ವಂತ ಕೆಲಸಕ್ಕೆ ಅವರು ಬಳಸುತ್ತಿರಲಿಲ್ಲವೆಂದು ಹಿರಿಯರು ಇಂದಿಗೂ ಹೇಳುತ್ತಾರೆ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಅವರ ಮೇಲೆ ಬಿದ್ದಿತು. ಅಲ್ಲಿ ಕಬ್ಬಿಣ ಕರಗಿಸಲು ಇದ್ದಿಲು ಬೇಕಾಗಿತ್ತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ಆಕಾಶಕ್ಕೆ ಬಿಡುತ್ತಿರಲಿಲ್ಲ. ತಣಿಸಿ, ಅದರಿಂದ ಮೆಥನಾಲ್, ಟಾರು ಮೊದಲಾದ ಪದಾರ್ಥಗಳನ್ನು ತೆಗೆಯುತ್ತಿದ್ದರು. ಇದಕ್ಕಾಗಿ ಮಲೆನಾಡಿನ ಎಷ್ಟೋ ಮರಗಳು ಹೋದುವೆಂಬುದನ್ನೂ ಮರೆಯುವಂತಿಲ್ಲ. ಆದರೂ ಹೊಗೆಯೂ ಒಂದು ಸೊತ್ತು ಎಂಬ ತಿಳಿವಳಿಕೆ ಅಲ್ಲಿತ್ತು.

ಎಪ್ಪತ್ತು ದಾಟಿದ ಮೇಲೆ, 1930ರ ದಶಕದಲ್ಲಿ, ಅವರು ವಿದೇಶಗಳಲ್ಲಿ ಸಂಚರಿಸಿ ಮೋಟಾರು ಕಾರ್ಖಾನೆಗಳನ್ನು ಅಭ್ಯಾಸ ಮಾಡಿದರು. ಭಾರತದಲ್ಲಿಯೂ ಒಂದನ್ನು ಸ್ಥಾಪಿಸಲು ಯೋಜನೆ ಸಿದ್ಧಪಡಿಸಿದರು. ಬ್ರಿಟಿಷ್ ಸರಕಾರದ ಬೆಂಬಲ ದೊರೆಯಲಿಲ್ಲ. ವಾಹನದ ಹೊಗೆ ಊರಿಗೆ ಪೀಡೆಯಾದೀತೆಂದು ಆ ದಿನಗಳಲ್ಲಿ ನಮ್ಮಲ್ಲಿ ಚಿಂತಿಸಿದವರು ವಿರಳ.

ಇಂದು ಅದೇ ಮೋಟಾರು ಅವರ ಹುಟ್ಟೂರಿನ ಸೀಮೆಯನ್ನೆಲ್ಲ ತುಂಬಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ, ಚಿಂತಾಮಣಿಯ, ಗೌರಿಬಿದನೂರಿನ ಬಸ್ ನಿಲ್ದಾಣಗಳಿಗೆ ಹೋದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಎಂಜಿನಿಯರನ ಕಣ್ಣಿಗೆ ಕಪ್ಪು ಹೊಗೆಯೆಂದರೆ ಪೂರ್ತಿ ಉರಿಯದ ಇಂಧನ. ಹಣ ಕೊಟ್ಟು ಕೊಂಡ ಎಣ್ಣೆ ಮಸಿಯಾಗಿ ಬೀದಿಗೆ ಬೀಳುವುದು. ಆ ಸೂಕ್ಷ್ಮವಾದ ಮಸಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದು. ರಕ್ತವನ್ನು ಸೇರಿ ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಗಾಳಿ ಸೋಸುವ ಫಿಲ್ಟರು ಧೂಳಿನಿಂದ ಕಟ್ಟಿದರೆ, ಇಂಧನಕ್ಕೆ ಸೀಮೆಎಣ್ಣೆ ಬೆರೆಸಿದರೆ, ಮಿತಿಮೀರಿ ಹೊರೆ ಹೇರಿದರೆ ಹೊಗೆ ಹೆಚ್ಚುತ್ತದೆ. ಹೊಗೆ ತಪಾಸಣೆ ಮಾಡಿಸಬೇಕೆಂಬ ಕಾಯಿದೆ ಇರುವುದು ಈ ದೋಷವನ್ನು ಅಳೆದು ತಿಳಿಯುವುದಕ್ಕೇ. ಅಳೆಯಿಸದೆ ಚೀಟಿ ಮಾತ್ರ ಪಡೆಯುವವರೂ ಉಂಟು, ಅಂಥವರಿಗೆ ಏನು ಹೇಳೋಣ! ನಿಂತ ವಾಹನದ ಎಂಜಿನ್ನನ್ನು ಆರಿಸುವುದಕ್ಕೆ ಕಾಯಿದೆಯೂ ಬೇಡ. ಹಾಲಿನ ಅಂಗಡಿಗೂ ಸ್ಕೂಟರು ಹೊರಡಿಸುವ ಮನೆಗಳಲ್ಲಿ ಸೈಕಲ್ಲು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುತ್ತದೆ. ಬೆಂಗಳೂರಿಗೆ ದಿನವೂ ಓಡಾಡುವ ನಾಲ್ವರು ನಾಲ್ಕು ವಾಹನಗಳಲ್ಲಿ ಹೋಗುವ ಬದಲು ಬಸ್ಸು ಹತ್ತಿದರೆ ರಸ್ತೆಯೂ ತೆರವು, ಗಾಳಿಯೂ ಹಗುರ. ಆ ಹಳೆಯ ಕಿರುದಾರಿಯೂ ಹಾಳುಬಿದ್ದಿಲ್ಲ. ಅಗಲದಾರಿಯಾಗಿ ಮಾರ್ಪಟ್ಟು, 2013ರಿಂದ ಕೋಲಾರದವರೆಗೆ ಮತ್ತೆ ರೈಲು ಓಡುತ್ತಿದೆ.

1955ರಲ್ಲಿ ಭಾರತರತ್ನ ಪ್ರಶಸ್ತಿ ವಿಶ್ವೇಶ್ವರಯ್ಯನವರನ್ನು ಅರಸಿ ಬಂದಿತು. 1962ರ ಏಪ್ರಿಲ್ ತಿಂಗಳಲ್ಲಿ ಕಾಲವಾದಾಗ ಅವರು ನೂರು ವರ್ಷಗಳನ್ನು ದಾಟಿದ್ದರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ. ಚಿಕ್ಕಬಳ್ಳಾಪುರದಿಂದ ಅಲ್ಲಿಗೆ, ಬೆಳಗಿನ ತಂಪಿನಲ್ಲಿ ಸೈಕಲ್ಲಿನಲ್ಲಿ ಹೋಗಿಬರಬಹುದಾದಷ್ಟು ದೂರ.