ಗುಬ್ಬಿ ಹೊಡೆದ ಹುಡುಗ

ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುಮಾರ್ಗದಲ್ಲಿ ಮಟಮಾರಿ ಒಂದು ಸಣ್ಣ ನಿಲ್ದಾಣ. ಆ ಊರಿನಲ್ಲಿ ನಾನು ಕೆಲವು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ್ದೇನೆ. ಒಂದು ಶ್ರಾವಣದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಅಂಗಿಯ ಜೇಬಿನಿಂದ ಸತ್ತ ಹಕ್ಕಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಕ್ಯಾಟರ್‌ಬಿಲ್ಲಿನಿಂದ ತಾನೇ ಹೊಡೆದದ್ದೆಂದು ಮುಚ್ಚುಮರೆಯಿಲ್ಲದೆ ಹೇಳಿದ. ಅವನನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ: ನೋಡಲು ಗುಬ್ಬಿಯಂತೆಯೇ ಇರುವ ಇದರ ನೆತ್ತಿ ಮತ್ತು ಎದೆ ಅರಿಸಿನದ ಬಣ್ಣಕ್ಕೆ ತಿರುಗಿರುವುದೇಕೆ? ಹಿಂದಿನ ವಾರವಷ್ಟೇ ಇಂಥದೇ ತಪ್ಪಿಗೆ ಇನ್ನೊಬ್ಬ ಹುಡುಗನಿಗೆ ನಾನು ಬೆತ್ತದ ರುಚಿ ತೋರಿಸಿದ್ದೆ. ಈ ಸಲ ಕೈ ಮೇಲೇಳಲಿಲ್ಲ. ಆ ದಿನಗಳಲ್ಲಿ ನಾನು ಓದುತ್ತಿದ್ದ ಸಲೀಂ ಅಲಿಯವರ ಆತ್ಮಕಥೆ ಅದಕ್ಕೆ ಕಾರಣ.

ಅದರ ಆರಂಭದಲ್ಲಿಯೂ ಇಂಥದೇ ಒಬ್ಬ ಹುಡುಗನಿದ್ದಾನೆ. 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದ ಸಲೀಂ ಅಲಿ ಮೂರರ ವಯಸ್ಸಿಗೆ ತಂದೆತಾಯಿಯರಿಬ್ಬರನ್ನೂ ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಅವರ ಮನೆಯಲ್ಲಿ ಬೆಳೆದರು. ಮಾವ ಬೇಟೆಗಾರರು. ಅವರು ಕೊಡಿಸಿದ ಏರ್‌ಗನ್ನಿನಿಂದ ಗುಬ್ಬಿ ಹೊಡೆಯುವುದು ಹುಡುಗನ ನಿತ್ಯದ ಆಟ. ಸುಮಾರು ಹತ್ತರ ವಯಸ್ಸಿನಲ್ಲಿ ಹೀಗೆ ಹೊಡೆದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ಇದನ್ನು ತಿನ್ನಬಹುದೋ ಬಾರದೋ ಎಂಬ ಸಂಶಯದಿಂದ ಮಾವನ ಬಳಿಗೆ ಹೋದರೆ, ಅವರು ಒಂದು ಪರಿಚಯಪತ್ರ ಬರೆದುಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯೂ.ಎಸ್. ಮಿಲ್ಲಾರ್ಡ್ ಅವರಲ್ಲಿಗೆ ಕಳುಹಿಸಿದರು.

ಬಿಳಿಯ ದೊರೆಯನ್ನು ಕಾಣಲು ಹೆದರುತ್ತಲೇ ಹೋದ ಹುಡುಗನಿಗೆ ಮಿಲ್ಲಾರ್ಡ್ ಗದರಲಿಲ್ಲ, ಜೀವದಯೆಯ ಉಪದೇಶವನ್ನೂ ಮಾಡಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿ, ಕಪಾಟಿನ ಖಾನೆಗಳನ್ನು ಒಂದೊಂದಾಗಿ ಎಳೆದು ಹಕ್ಕಿಗಳ ಸಂಗ್ರಹವನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವುದನ್ನೂ ಟಿಪ್ಪಣಿ ಬರೆಯುವುದನ್ನೂ ಕಲಿಸುವ ಏರ್ಪಾಡು ಮಾಡಿದರು.

ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಗುಬ್ಬಿಯನ್ನು ಹೊಡೆದ ಹುಡುಗ ಮರುಕ್ಷಣವೇ ಮರುಗಿ ಪಕ್ಷಿಪ್ರೇಮಿಯಾದನೆಂದು ತಿದ್ದಿಬಿಡುತ್ತೇವೆ. ಅಂಗುಲಿಮಾಲನ ಕಥೆಯ ಅಚ್ಚು ನಮ್ಮ ಕೈಗೆ ಅಷ್ಟು ಒಗ್ಗಿಹೋಗಿದೆ. ನಿಜ ಹಾಗಿಲ್ಲ. ಕುದುರೆಲಾಯದಲ್ಲಿ ಗೂಡು ಕಟ್ಟಿದ್ದ ಗುಬ್ಬಿಜೋಡಿಯೊಂದರ ಗಂಡನ್ನು ಬಾಲಕ ಸಲೀಂ ಹೊಡೆದುರುಳಿಸಿದ. ಹೆಣ್ಣು ಬೇರೊಂದು ಗಂಡನ್ನು ತಂದಿತು, ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಸತ್ತವು. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಾಗ ತನ್ನ ಗುರಿಗಾರಿಕೆಯನ್ನು ಮೆರೆಸುವುದೇ ಉದ್ದೇಶವಾಗಿತ್ತೆಂದು ಮುಂದೆ ಅವರೇ ಒಪ್ಪಿಕೊಂಡಿದ್ದಾರೆ. ಆದರೆ ದಶಕಗಳ ಅನಂತರ ಅದೇ ಟಿಪ್ಪಣಿ, ಜೋಡಿ ಕಳೆದುಕೊಂಡ ಹಕ್ಕಿ ಏನು ಮಾಡುತ್ತದೆ ಎಂಬುದಕ್ಕೆ ದಾಖಲೆಯಾಗಿ ಪ್ರಕಟವಾಯಿತು. ದೊಡ್ಡವರಾದ ಮೇಲೂ ಅವರು ಬಂದೂಕು ಕೆಳಗಿಡಲಿಲ್ಲ. ಸಮೀಕ್ಷೆಗೆ ಮಾದರಿಗಳು ಬೇಕಿದ್ದ ಕಾಲ ಅದು. ಗುಂಡಿನಿಂದಲೇ ಅವುಗಳನ್ನು ಸಂಗ್ರಹಿಸಿದರು. ಅದನ್ನು ಬಚ್ಚಿಡಲೂ ಇಲ್ಲ.

ಓದಿನಲ್ಲಿಯೂ ಅವರು ಮಾದರಿ ವಿದ್ಯಾರ್ಥಿಯಲ್ಲ. 1913ರಲ್ಲಿ ಮೆಟ್ರಿಕ್ ದಾಟಿದ್ದೇ ಹೆಚ್ಚು. ಗಣಿತಕ್ಕೆ ಅಂಜಿ ಕಾಲೇಜು ಬಿಟ್ಟು, ಬರ್ಮಾದ ಟವಾಯ್‌ನಲ್ಲಿದ್ದ ಕುಟುಂಬದ ಗಣಿ ವ್ಯವಹಾರಕ್ಕೆ ಹೋದರು. ಅಲ್ಲಿಯೂ ಕಾಡು ಅಲೆದದ್ದೇ ಲಾಭ. ಪದವಿಯಿಲ್ಲದ ಕಾರಣ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾಗಿ ಸೇರಿದರು. ಅಲ್ಲಿಂದ ರಜೆ ಪಡೆದು ಬರ್ಲಿನ್ನಿನ ಸ್ಟ್ರೆಸೆಮಾನ್ ಅವರ ಬಳಿ ಪಕ್ಷಿವಿಜ್ಞಾನವನ್ನು ಶಾಸ್ತ್ರೋಕ್ತವಾಗಿ ಕಲಿತು 1930ರಲ್ಲಿ ಹಿಂದಿರುಗಿದರೆ, ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದುಮಾಡಲಾಗಿತ್ತು.

ಮೂವತ್ತನಾಲ್ಕರ ನಿರುದ್ಯೋಗಿ, ಪತ್ನಿ ತೆಹ್ಮಿನಾ ಅವರೊಂದಿಗೆ ಕಡಲ ದಂಡೆಯ ಕಿಹೀಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಮಳೆಗಾಲವಿಡೀ ಗೀಜಗಗಳನ್ನು ನೋಡುತ್ತ ಕುಳಿತರು. ಅದುವರೆಗೆ ಗೀಜಗವೆಂದರೆ ಕುಶಲ ಸಂಸಾರಿ, ಗೂಡಿಗೆ ಮೆತ್ತಿದ ಹಸಿಮಣ್ಣಿನಲ್ಲಿ ಮಿಂಚುಹುಳ ಸಿಕ್ಕಿಸಿ ದೀಪ ಮಾಡಿಕೊಳ್ಳುವ ಜಾಣ ಎಂಬೆಲ್ಲ ನಂಬಿಕೆಗಳಿದ್ದವು. ಸಲೀಂ ಅಲಿ ಕಂಡದ್ದು ಬೇರೆ. ಗಂಡುಗಳು ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತವೆ. ಹೆಣ್ಣುಗಳು ಗುಂಪಾಗಿ ಬಂದು ಪರೀಕ್ಷಿಸುತ್ತವೆ. ಒಪ್ಪಿಗೆಯಾದ ಗೂಡನ್ನಷ್ಟೇ ಗಂಡು ಪೂರ್ತಿಗೊಳಿಸುತ್ತದೆ. ಹೆಣ್ಣು ಮೊಟ್ಟೆಗೆ ಕುಳಿತೊಡನೆ ಮತ್ತೊಂದು ಹೆಣ್ಣಿಗಾಗಿ ಮತ್ತೊಂದು ಗೂಡಿಗೆ ತೊಡಗುತ್ತದೆ. ಉದ್ಯೋಗವಿಲ್ಲದ ಆ ದಿನಗಳ ಈ ಅಧ್ಯಯನವೇ ಅವರಿಗೆ ಹೆಸರು ತಂದಿತು.

ಆಮೇಲೆ ಅವರು ದೇಶೀಯ ಸಂಸ್ಥಾನಗಳ ಮುಂದೆ ಒಂದು ಪ್ರಸ್ತಾವವಿಟ್ಟರು: ಬಿಡಾರದ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ಪಕ್ಷಿ ಸಮೀಕ್ಷೆ ಮಾಡಿಕೊಡುತ್ತೇನೆ. ಮೊದಲು ಕೈಗೆತ್ತಿಕೊಂಡದ್ದು ಹೈದರಾಬಾದ್ ಸಂಸ್ಥಾನವನ್ನು, 1931ರಲ್ಲಿ. ರಾಯಚೂರು ಆಗ ನಿಜಾಮರ ಆಡಳಿತದಲ್ಲಿತ್ತು ಎಂಬುದನ್ನು ಹೇಳಿದಾಗ ನನ್ನ ತರಗತಿಯ ಮಕ್ಕಳು ಕಿವಿ ನಿಮಿರಿಸಿದ್ದರು. ಮೈಸೂರು ಸಂಸ್ಥಾನದ ಸರದಿ ಬಂದದ್ದು 1939ರಲ್ಲಿ. ಅದೇ ವರ್ಷ, ಸಣ್ಣ ಶಸ್ತ್ರಚಿಕಿತ್ಸೆಯೊಂದರ ಬೆನ್ನಿಗೆ, ಬಿಡಾರಗಳ ಸಂಗಾತಿಯಾಗಿದ್ದ ತೆಹ್ಮಿನಾ ತೀರಿಕೊಂಡರು. ಅವರು ಮತ್ತೆ ಮದುವೆಯಾಗಲಿಲ್ಲ. ಎರಡು ವರ್ಷದಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಪ್ರಸಿದ್ಧ ಪುಸ್ತಕ ಬಂತು. ಡಿಲ್ಲನ್ ರಿಪ್ಲೆ ಅವರೊಡನೆ ರಚಿಸಿದ ಹತ್ತು ಸಂಪುಟಗಳ ಕೈಪಿಡಿ ಹೊರಬರತೊಡಗಿದಾಗ, 1968ರಲ್ಲಿ, ಅವರಿಗೆ ಎಪ್ಪತ್ತು ದಾಟಿತ್ತು. ಪದ್ಮವಿಭೂಷಣ, ರಾಜ್ಯಸಭೆಯ ಸದಸ್ಯತ್ವ ಇತ್ಯಾದಿಗಳು ಎಲ್ಲ ಪುಸ್ತಕಗಳಲ್ಲಿಯೂ ಸಿಗುತ್ತವೆ. ತೀರಿಕೊಂಡದ್ದು 1987ರಲ್ಲಿ.

ಅವರು ಸೋತ ವಾದವೊಂದನ್ನೂ ನಾನು ಮಕ್ಕಳಿಗೆ ಹೇಳುತ್ತಿದ್ದೆ. ರಾಷ್ಟ್ರಪಕ್ಷಿಯನ್ನು ಆರಿಸುವಾಗ ಅವರು ಸೂಚಿಸಿದ್ದು ಎರ್ಲಡ್ಡುವನ್ನು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನು. 1963ರಲ್ಲಿ ನವಿಲು ಗೆದ್ದಿತು. ಎರ್ಲಡ್ಡು ನಮ್ಮ ಎರೆಹೊಲಗಳಂಥ ಬಯಲಿನ ಹಕ್ಕಿ. ಇಂದು ದೇಶದಲ್ಲಿ ನೂರೈವತ್ತೂ ಉಳಿದಿಲ್ಲವೆಂಬ ಅಂದಾಜಿದೆ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆಯೆನಿಸಿದ ಸಿರುಗುಪ್ಪ ತಾಲ್ಲೂಕು ತುಂಗಭದ್ರೆಯ ಆಚೆ ದಡದಲ್ಲಿಯೇ ಇದೆ. ತರಗತಿಯಲ್ಲಿ ಅದನ್ನು ಕಂಡವರು ಯಾರೂ ಇರಲಿಲ್ಲ, ನಾನೂ ಕಂಡಿರಲಿಲ್ಲ.

ಮೇಜಿನ ಮೇಲಿದ್ದ ಹಕ್ಕಿಯ ಹೆಸರು ನನಗೂ ಆ ಕ್ಷಣ ಗೊತ್ತಿರಲಿಲ್ಲ. ಮರುದಿನ ಸಲೀಂ ಅಲಿಯವರ ಪುಸ್ತಕವನ್ನೇ ತಂದು, ಮಕ್ಕಳೊಂದಿಗೆ ಚಿತ್ರಗಳನ್ನು ತಿರುವಿದೆ. ಗಂಡು ಗೀಜಗ, ಮಳೆಗಾಲದಲ್ಲಿ ಮಾತ್ರ ಅದಕ್ಕೆ ಆ ಹಳದಿ. ಹುಡುಗ ಅದನ್ನು ಹೊಡೆದಿದ್ದ ಬಾವಿಯ ಬಳಿಗೆ ಎಲ್ಲರೂ ಹೋದೆವು. ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಗಳಲ್ಲಿ ಹದಿನೇಳು ಗೂಡುಗಳಿದ್ದವು. ಆರು ಅರ್ಧಕ್ಕೇ ನಿಂತಿದ್ದವು. ಸತ್ತ ಹಕ್ಕಿಯದು ಯಾವ ಗೂಡು ಎಂದು ಹುಡುಗಿಯೊಬ್ಬಳು ಕೇಳಿದಾಗ ಅವನು ಉತ್ತರಿಸದೆ ಬಹಳ ಹೊತ್ತು ಕೊಂಬೆಗಳನ್ನೇ ನೋಡುತ್ತಿದ್ದ. ಆಮೇಲೆ ನನ್ನ ಪೆನ್ನು ಕೇಳಿ ಪಡೆದು ಗೂಡುಗಳ ಲೆಕ್ಕ ಬರೆದುಕೊಂಡ. ಕ್ಯಾಟರ್‌ಬಿಲ್ಲು ಅವನ ಜೇಬಿನಿಂದ ಆಗಲೂ ಇಣುಕುತ್ತಿತ್ತು. ನಾನು ಅದನ್ನು ಕೇಳಲಿಲ್ಲ.