ಮೂರು ಲೀಟರಿನ ಛಲ: ಪಿಯೆರ್ ಬುಲಾಂಜೆ ಮತ್ತು ರೈತನ ಕಾರು

ಮಧ್ಯಮವರ್ಗದ ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದೊಡನೆ ಬಣ್ಣ, ಅಂದಚಂದಗಳಿಗಿಂತ ಮೊದಲು ಕೇಳಿಬರುವುದು ಮೈಲೇಜ್ ಎಷ್ಟು ಎಂಬ ಪ್ರಶ್ನೆ. ಕಂಪನಿಯ ಜಾಹೀರಾತಿನಲ್ಲಿ ಅಚ್ಚಾಗುವ ಅಂಕಿ ಒಂದು. ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರ್ ಬರೆದಿಟ್ಟುಕೊಂಡು, ಮುಂದಿನ ಬಾರಿ ಮತ್ತೆ ಪೂರ್ತಿ ತುಂಬಿಸುವಾಗ ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿದರೆ ದೊರೆಯುವ ಅಂಕಿ ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಕಾಣದ ಕಾರು ಮಾಲೀಕರು ವಿರಳ.

ಈ ಅಂತರದ ಬಗ್ಗೆ ಇಂದು ನಾವು ಗೊಣಗುತ್ತೇವೆ. ಆದರೆ ಸುಮಾರು ಒಂಬತ್ತು ದಶಕಗಳ ಹಿಂದೆಯೇ ಫ್ರಾನ್ಸಿನ ಒಬ್ಬ ವ್ಯಕ್ತಿ ಈ ಲೆಕ್ಕವನ್ನು ತಿರುವುಮುರುವಾಗಿ ಹಾಕಿದರು. ಕಾರನ್ನು ಕಟ್ಟಿದ ಮೇಲೆ ಅದು ಎಷ್ಟು ಪೆಟ್ರೋಲ್ ಕುಡಿಯುತ್ತದೆಂದು ಅಳೆಯುವ ಬದಲು, ಕೊಳ್ಳುವವನ ರಸ್ತೆ ಯಾವುದು, ಹೊರೆ ಎಷ್ಟು, ಜೇಬು ಎಂಥದು ಎಂಬುದನ್ನು ಮೊದಲು ಗಮನಿಸಿ, ನೂರು ಕಿಲೋಮೀಟರಿಗೆ ಮೂರೇ ಲೀಟರ್ ಎಂದು ಗೆರೆ ಎಳೆದರು. ನಮ್ಮ ಲೆಕ್ಕದಲ್ಲಿ ಅದು ಲೀಟರಿಗೆ 33 ಕಿಲೋಮೀಟರ್. ಆ ಗೆರೆಯೊಳಗೆ ನಿಲ್ಲುವಂತೆ ಕಾರನ್ನು ರೂಪಿಸಿ ಎಂದು ಎಂಜಿನಿಯರುಗಳಿಗೆ ಆದೇಶಿಸಿದರು. ಅವರೇ ಪಿಯೆರ್-ಜೂಲ್ ಬುಲಾಂಜೆ. ಅವರ ಕನಸಿನ ಕೂಸು ಸಿಟ್ರೋಯೆನ್ ಕಂಪನಿಯ ಟೂ ಸಿ.ವಿ. ಎಂಬ ಪುಟ್ಟ ಕಾರು.

ಕಲಾ ವಿದ್ಯಾರ್ಥಿಯಿಂದ ಕಾರ್ಖಾನೆಗೆ

ಬುಲಾಂಜೆ ಹುಟ್ಟಿದ್ದು 1885ರಲ್ಲಿ, ಉತ್ತರ ಫ್ರಾನ್ಸಿನ ಸಿನ್-ಲ-ನೋಬ್ಲ್ ಎಂಬ ಊರಿನಲ್ಲಿ. ಅವರು ಎಂಜಿನಿಯರಿಂಗ್ ಓದಿದವರಲ್ಲ ಎಂಬುದು ಗಮನಾರ್ಹ. ಲಲಿತಕಲೆಯ ವ್ಯಾಸಂಗವನ್ನು ನಡುವೆಯೇ ನಿಲ್ಲಿಸಿ ದುಡಿಮೆಗೆ ಇಳಿಯಬೇಕಾಯಿತು. ಸೈನ್ಯದಲ್ಲಿ ಕಡ್ಡಾಯ ಸೇವೆ ಸಲ್ಲಿಸುವಾಗ ಟಯರ್ ತಯಾರಿಕೆಗೆ ಹೆಸರಾದ ಮಿಶೆಲಿನ್ ಮನೆತನದ ಮಾರ್ಸೆಲ್ ಮಿಶೆಲಿನ್ ಅವರ ಪರಿಚಯವಾಯಿತು. ಈ ಪರಿಚಯವೇ ಮುಂದೆ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು.

ಸೇವೆ ಮುಗಿಸಿ 1908ರಲ್ಲಿ ಅವರು ಹಡಗು ಹತ್ತಿ ಅಮೆರಿಕಕ್ಕೆ ತೆರಳಿದರು. ಸಿಯಾಟಲ್ ನಗರದ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ನಕ್ಷೆ ಬರೆದರು. ಅನಂತರ ಕೆನಡಾದ ವಿಕ್ಟೋರಿಯಾದಲ್ಲಿ ಸ್ವಂತ ಕಟ್ಟಡ ನಿರ್ಮಾಣ ವ್ಯವಹಾರ ನಡೆಸಿದರು. ಒಂದು ಮನೆಗೆ ಬೇಕಾದ ಮರ, ಇಟ್ಟಿಗೆಗಳ ಲೆಕ್ಕ ಹಾಕಿ, ಅಗತ್ಯಕ್ಕಿಂತ ಒಂದು ತೊಲೆಯೂ ಹೆಚ್ಚಾಗದಂತೆ ನೋಡಿಕೊಳ್ಳುವುದು ಆ ಕಸುಬಿನ ಮೂಲಪಾಠ. ಮುಂದೆ ಅವರು ಕಾರಿನ ವಿಷಯದಲ್ಲಿ ತೋರಿದ ಮಿತವ್ಯಯದಲ್ಲಿ ಈ ಪಾಠದ ನೆರಳನ್ನು ಕಾಣಬಹುದು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬುಲಾಂಜೆ ತಾಯ್ನಾಡಿಗೆ ಮರಳಿ ಸೈನ್ಯ ಸೇರಿದರು. ವಿಮಾನದಿಂದ ಶತ್ರುನೆಲೆಗಳ ಛಾಯಾಚಿತ್ರ ತೆಗೆಯುವ ವಿಭಾಗದಲ್ಲಿ ದುಡಿದು, ಶೌರ್ಯಪದಕಗಳೊಂದಿಗೆ ಕ್ಯಾಪ್ಟನ್ ಹುದ್ದೆಯಲ್ಲಿ ಹೊರಬಂದರು. ಯುದ್ಧಾನಂತರ ಮಿಶೆಲಿನ್ ಸಂಸ್ಥೆ ಅವರನ್ನು ಬರಮಾಡಿಕೊಂಡಿತು.

ದಿವಾಳಿಯಾದ ಕಂಪನಿಯ ಹೊಣೆ

1934ರ ಕೊನೆಯಲ್ಲಿ ಫ್ರಾನ್ಸಿನ ಹೆಸರಾಂತ ಕಾರು ಕಂಪನಿ ಸಿಟ್ರೋಯೆನ್ ದಿವಾಳಿಯ ಅಂಚಿಗೆ ಬಂದಿತು. ಹೊಸ ಮಾದರಿಗಳಿಗೆ, ಹೊಸ ಕಾರ್ಖಾನೆಗೆ ಹಣ ಸುರಿದಿದ್ದ ಸ್ಥಾಪಕ ಆಂದ್ರೆ ಸಿಟ್ರೋಯೆನ್ ಅವರು ಸಂಸ್ಥೆಯನ್ನು ಕಳೆದುಕೊಂಡು 1935ರಲ್ಲಿ ನಿಧನರಾದರು. ಕಂಪನಿಯ ದೊಡ್ಡ ಸಾಲಗಾರರಲ್ಲೊಂದಾಗಿದ್ದ ಮಿಶೆಲಿನ್ ಅದನ್ನು ವಹಿಸಿಕೊಂಡಿತು. ಪಿಯೆರ್ ಮಿಶೆಲಿನ್ ಅವರೊಂದಿಗೆ ಬುಲಾಂಜೆ ಕೂಡ ಪ್ಯಾರಿಸಿಗೆ ಬಂದರು. 1937ರ ಡಿಸೆಂಬರ್‌ನಲ್ಲಿ ಪಿಯೆರ್ ಮಿಶೆಲಿನ್ ರಸ್ತೆ ಅಪಘಾತದಲ್ಲಿ ಮಡಿದಾಗ ಸಂಸ್ಥೆಯ ಪೂರ್ಣ ಹೊಣೆ ಬುಲಾಂಜೆಯವರ ಹೆಗಲೇರಿತು.

ಅಂದಿನ ಫ್ರಾನ್ಸಿನ ಬಹುಪಾಲು ರೈತರು ಕುದುರೆ ಗಾಡಿಯನ್ನೇ ನೆಚ್ಚಿಕೊಂಡಿದ್ದರು. ಸಂತೆಗೆ ಆಲೂಗಡ್ಡೆ, ಮೊಟ್ಟೆ, ವೈನ್ ಪೀಪಾಯಿ ಸಾಗಿಸುವ ಇವರಿಗೆ ಕಾರು ಎಂಬುದು ಪಟ್ಟಣದ ಶ್ರೀಮಂತರ ಸೊತ್ತಾಗಿತ್ತು. ಇವರನ್ನೇ ಗಮನದಲ್ಲಿರಿಸಿಕೊಂಡು 1936ರ ಹೊತ್ತಿಗೆ ಬುಲಾಂಜೆ ತಮ್ಮ ಎಂಜಿನಿಯರುಗಳಿಗೆ ಬೇಡಿಕೆಗಳ ಪಟ್ಟಿಯೊಂದನ್ನು ನೀಡಿದರು. ಕಾರು 50 ಕೆ.ಜಿ. ಸರಕು ಹೊರಬೇಕು. ಕೆಸರು ತುಂಬಿದ ಹಳ್ಳಿಯ ದಾರಿಯಲ್ಲೂ ಸಾಗಬೇಕು. ಉತ್ತ ಹೊಲವನ್ನು ಹಾದುಹೋದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು. ಇಷ್ಟಾಗಿಯೂ ನೂರು ಕಿಲೋಮೀಟರಿಗೆ ಮೂರು ಲೀಟರಿಗಿಂತ ಹೆಚ್ಚು ಪೆಟ್ರೋಲ್ ಬಳಸಬಾರದು.

ಈ ಪಟ್ಟಿಯ ವಿಶೇಷವನ್ನು ಇಲ್ಲಿ ಗಮನಿಸಬೇಕು. ಕಾರು ಖಾಲಿಯಾಗಿ, ನಯವಾದ ರಸ್ತೆಯಲ್ಲಿ, ಗಾಳಿ ಬೀಸದ ದಿನದಂದು ಮೂರು ಲೀಟರಿನಲ್ಲಿ ಓಡಬೇಕೆಂದು ಅವರು ಕೇಳಲಿಲ್ಲ. ಹೊರೆ, ಕೆಸರು, ಹೊಂಡಗಳೊಂದಿಗೇ ಇಂಧನದ ಮಿತಿಯನ್ನೂ ಒಂದೇ ಪಟ್ಟಿಯಲ್ಲಿ ಬರೆದರು. ಮೈಲೇಜ್ ಎಂಬುದು ಯಂತ್ರದ ಗುಣವಷ್ಟೇ ಅಲ್ಲ, ಬಳಸುವವನ ಬದುಕಿನ ಲೆಕ್ಕ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಗ್ರಾಂ ಗ್ರಾಂ ತೂಗಿ

ಇಂಧನ ಉಳಿಸುವ ದಾರಿಯನ್ನು ಬುಲಾಂಜೆ ತೂಕದಲ್ಲಿ ಹುಡುಕಿದರು. ಕಾರಣ ಸರಳವಾದದ್ದು. ನಿಂತ ಕಾರನ್ನು ವೇಗಕ್ಕೆ ತರಲು ಬೇಕಾಗುವ ಶಕ್ತಿ ಅದರ ತೂಕಕ್ಕೆ ಅನುಗುಣವಾಗಿರುತ್ತದೆ. ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ಶಾಖವಾಗಿ ವ್ಯರ್ಥವಾಗುತ್ತದೆ. ದಿಬ್ಬ ಏರುವಾಗಲೂ ತೂಕವೇ ಹೊರೆ. ಟಯರ್ ನೆಲದ ಮೇಲೆ ಉರುಳುವಾಗ ಎದುರಾಗುವ ತಡೆಯೂ ತೂಕದೊಡನೆ ಹೆಚ್ಚುತ್ತದೆ. ಗಾಳಿಯ ತಡೆ ಮಾತ್ರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವಂಥದ್ದು, ನಿಧಾನವಾಗಿ ಸಾಗುವ ಹಳ್ಳಿಯ ಕಾರಿಗೆ ಅದು ಅಷ್ಟು ದೊಡ್ಡ ಶತ್ರುವಲ್ಲ.

ಆದ್ದರಿಂದ ಕಾರಿನ ಪ್ರತಿಯೊಂದು ಬಿಡಿಭಾಗವನ್ನೂ ತೂಗಿ, ಹಗುರಗೊಳಿಸುವುದಕ್ಕೆಂದೇ ಪ್ರತ್ಯೇಕ ವಿಭಾಗವೊಂದು ಹುಟ್ಟಿಕೊಂಡಿತು. ಪ್ರಾಯೋಗಿಕ ಕಾರುಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಬಳಕೆಯಾದವು. ಚಾವಣಿ ಕ್ಯಾನ್ವಾಸ್ ಬಟ್ಟೆಯದು. ಆಸನಗಳು ತೂಗುಯ್ಯಾಲೆಯಂತೆ ಕಟ್ಟಿದವು. ದೀಪ ಒಂದೇ, ಏಕೆಂದರೆ ಅಂದಿನ ಫ್ರಾನ್ಸಿನ ಕಾನೂನು ಕೇಳುತ್ತಿದ್ದುದು ಒಂದನ್ನೇ. ಎತ್ತರದ ಆಳಾಗಿದ್ದ ಬುಲಾಂಜೆ ತಾವೇ ಪ್ರಾಯೋಗಿಕ ಕಾರಿನಲ್ಲಿ ಕುಳಿತು, ಟೋಪಿ ಧರಿಸಿಯೇ ಕಾರು ನಡೆಸುವಷ್ಟು ಚಾವಣಿ ಎತ್ತರವಿರಬೇಕೆಂದು ಅದನ್ನು ಏರಿಸಿದರು. ಪ್ಯಾರಿಸಿನ ಪಶ್ಚಿಮಕ್ಕಿರುವ ಲಾ ಫೆರ್ತೆ-ವಿದಾಮ್ ಎಂಬಲ್ಲಿ ಎತ್ತರದ ಗೋಡೆಯೊಳಗಿನ ಎಸ್ಟೇಟಿನಲ್ಲಿ ರಹಸ್ಯವಾಗಿ ಪರೀಕ್ಷೆಗಳು ನಡೆದವು.

1939ರಲ್ಲಿ ಸುಮಾರು 250 ಕಾರುಗಳ ಮೊದಲ ತಂಡ ಸಿದ್ಧವಾಗುತ್ತಿತ್ತು. ಆಗಸ್ಟ್ 28ರಂದು ಸರ್ಕಾರದ ಅನುಮೋದನೆಯೂ ದೊರೆಯಿತು. ಸೆಪ್ಟೆಂಬರ್ 3ರಂದು ಫ್ರಾನ್ಸ್ ಜರ್ಮನಿಯ ಮೇಲೆ ಯುದ್ಧ ಘೋಷಿಸಿತು. ಆರು ದಿನಗಳ ಅಂತರದಲ್ಲಿ ಎಲ್ಲವೂ ತಲೆಕೆಳಗಾಯಿತು.

ಸುಳ್ಳು ಹೇಳಿದ ಅಳತೆಕಡ್ಡಿ

1940ರಲ್ಲಿ ಪ್ಯಾರಿಸ್ ಜರ್ಮನರ ವಶವಾಯಿತು. ಈ ಪುಟ್ಟ ಕಾರಿನ ಮೇಲೆ ನಾಜಿ ಅಧಿಕಾರಿಗಳ ಕಣ್ಣಿತ್ತು. ಬುಲಾಂಜೆ ಅದರ ವಿವರಗಳನ್ನು ಬಿಟ್ಟುಕೊಡಲಿಲ್ಲ. ಪ್ರಾಯೋಗಿಕ ಕಾರುಗಳಲ್ಲಿ ಹೆಚ್ಚಿನವನ್ನು ನಾಶಪಡಿಸಿ, ಕೆಲವನ್ನು ಬಚ್ಚಿಡಲಾಯಿತು. ಜರ್ಮನಿಯ ಜನತಾ ಕಾರಿನ ವಿನ್ಯಾಸಕ ಫರ್ಡಿನಾಂಡ್ ಪೋರ್ಷೆಯವರನ್ನು ನೇರವಾಗಿ ಭೇಟಿಯಾಗಲೂ ಅವರು ಒಪ್ಪಲಿಲ್ಲ. ಆಕ್ರಮಣಕಾರರೊಡನೆ ಏನಿದ್ದರೂ ಮಧ್ಯವರ್ತಿಗಳ ಮೂಲಕವೇ ವ್ಯವಹಾರ ಎಂಬುದು ಅವರ ನಿಲುವಾಗಿತ್ತು.

ಸಿಟ್ರೋಯೆನ್ ಕಾರ್ಖಾನೆ ಜರ್ಮನ್ ಸೈನ್ಯಕ್ಕಾಗಿ ಲಾರಿಗಳನ್ನು ತಯಾರಿಸಲೇಬೇಕಿತ್ತು. ಕೆಲಸ ಸಾಧ್ಯವಾದಷ್ಟು ನಿಧಾನವಾಗಿ ಸಾಗುವಂತೆ ಬುಲಾಂಜೆ ನೋಡಿಕೊಂಡರು. ಇದಕ್ಕಿಂತ ಜಾಣತನದ ಉಪಾಯವೊಂದು ಅವರ ಹೆಸರಿನೊಂದಿಗೆ ಇಂದಿಗೂ ಹೇಳಲ್ಪಡುತ್ತದೆ. ಎಂಜಿನ್ ಆಯಿಲ್ ಎಷ್ಟಿದೆಯೆಂದು ನೋಡುವ ಡಿಪ್‌ಸ್ಟಿಕ್, ಅಂದರೆ ಅಳತೆಕಡ್ಡಿಯ ಮೇಲಿನ ಗುರುತನ್ನು ತಪ್ಪು ಜಾಗದಲ್ಲಿ ಕೊರೆಯಲಾಯಿತು. ಆಯಿಲ್ ಸಾಕಷ್ಟಿಲ್ಲದಿದ್ದರೂ ಕಡ್ಡಿ ಎಲ್ಲ ಸರಿಯಿದೆಯೆಂದು ತೋರಿಸುತ್ತಿತ್ತು. ಲಾರಿ ಕಾರ್ಖಾನೆಯಿಂದ ಸುಸೂತ್ರವಾಗಿ ಹೊರಡುತ್ತಿತ್ತು. ಎಲ್ಲೋ ದೂರದ ರಸ್ತೆಯಲ್ಲಿ, ಸೈನ್ಯಕ್ಕೆ ಅದು ತೀರಾ ಬೇಕಾದ ಹೊತ್ತಿನಲ್ಲಿ, ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತಿತ್ತು.

ಇದು ಪ್ರಾಣದೊಡನೆ ಆಡುವ ಆಟವಾಗಿತ್ತು. 1944ರಲ್ಲಿ ಪ್ಯಾರಿಸ್ ವಿಮೋಚನೆಗೊಂಡಾಗ, ಗೆಸ್ಟಾಪೊ ಕಚೇರಿಯಲ್ಲಿ ದೊರೆತ ಪಟ್ಟಿಯಲ್ಲಿ ಬುಲಾಂಜೆಯವರ ಹೆಸರು ಎದ್ದು ಕಾಣುತ್ತಿತ್ತು. ತಪ್ಪು ಅಳತೆಯೊಂದು ಯಂತ್ರವನ್ನು ಹೇಗೆ ಕೊಲ್ಲಬಲ್ಲದು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲ ಕಾರು ತಯಾರಕರು ಬಹುಶಃ ಬೇರೆ ಇರಲಾರರು.

ಮತ್ತೆ ಮೂರು ಲೀಟರಿನತ್ತ

ಯುದ್ಧ ಮುಗಿದಾಗ ಫ್ರಾನ್ಸಿನಲ್ಲಿ ಉಕ್ಕಿಗೂ ಪೆಟ್ರೋಲಿಗೂ ತೀವ್ರ ಅಭಾವ. ಮಿತವ್ಯಯದ ಕಾರಿನ ಅಗತ್ಯ ಮೊದಲಿಗಿಂತ ಹೆಚ್ಚಿತ್ತು. ಆದರೆ ಅಲ್ಯೂಮಿನಿಯಂ, ಮೆಗ್ನೀಷಿಯಂ ದುಬಾರಿಯಾದ ಕಾರಣ ದೇಹವನ್ನು ತೆಳುವಾದ ಉಕ್ಕಿನ ತಗಡಿನಿಂದಲೇ ಮಾಡಬೇಕಾಯಿತು. ವಾಲ್ಟರ್ ಬೆಕ್ಕಿಯಾ ಎಂಬ ಎಂಜಿನಿಯರ್ 375 ಸಿ.ಸಿ.ಯ, ಎರಡು ಸಿಲಿಂಡರಿನ, ಗಾಳಿಯಿಂದ ತಣಿಯುವ ಎಂಜಿನ್ ರೂಪಿಸಿದರು. ಅದರ ಸಾಮರ್ಥ್ಯ ಕೇವಲ 9 ಅಶ್ವಶಕ್ತಿ. ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರೂ ಇಲ್ಲ.

ಗೇರುಗಳ ವಿಷಯದಲ್ಲಿ ನಡೆದ ಪ್ರಸಂಗವೊಂದು ಸ್ವಾರಸ್ಯಕರ. ಮೂರು ಗೇರು ಸಾಕೆಂಬುದು ಬುಲಾಂಜೆಯವರ ಹಟ. ಅಷ್ಟೇ ಜಾಗದಲ್ಲಿ, ಹೆಚ್ಚಿನ ವೆಚ್ಚವಿಲ್ಲದೆ ನಾಲ್ಕನ್ನು ಕೂರಿಸಬಹುದೆಂದು ಬೆಕ್ಕಿಯಾ ತೋರಿಸಿಕೊಟ್ಟರು. ನಾಲ್ಕನೆಯದು ಎಂಜಿನ್ ನಿಧಾನವಾಗಿ ತಿರುಗುತ್ತಲೇ ಕಾರು ಸಾಗುವಂತೆ ಮಾಡುವ, ಇಂಧನ ಉಳಿಸುವ ಓವರ್‌ಡ್ರೈವ್ ಎಂಬ ಒಪ್ಪಂದದ ಮೇಲೆ ಬುಲಾಂಜೆ ಮಣಿದರು. ಹಾಗಾಗಿ ಮೊದಲ ಕಾರುಗಳ ಗೇರು ಗುರುತಿನಲ್ಲಿ ನಾಲ್ಕರ ಅಂಕಿಯ ಬದಲು ಎಸ್ ಅಕ್ಷರವಿತ್ತು.

1948ರ ಅಕ್ಟೋಬರ್ 7ರಂದು ಪ್ಯಾರಿಸಿನ ಕಾರು ಪ್ರದರ್ಶನದಲ್ಲಿ ರಾಷ್ಟ್ರಾಧ್ಯಕ್ಷ ವ್ಯಾಂಸಾಂ ಓರಿಯೋಲ್ ಅವರ ಸಮ್ಮುಖದಲ್ಲಿ ಟೂ ಸಿ.ವಿ. ಅನಾವರಣಗೊಂಡಿತು. ಮಂಕಾದ ಬೂದು ಬಣ್ಣ, ಸುಕ್ಕುಗಟ್ಟಿದ ತಗಡಿನ ಬಾನೆಟ್ಟು, ಬಟ್ಟೆಯ ಚಾವಣಿ. ಪತ್ರಕರ್ತರು ತಗಡಿನ ಡಬ್ಬವೆಂದು ನಕ್ಕರು. ಜನ ಮಾತ್ರ ಮುಗಿಬಿದ್ದರು. 1949ರಲ್ಲಿ ಉತ್ಪಾದನೆ ಆರಂಭವಾದಾಗ ದಿನಕ್ಕೆ ನಾಲ್ಕೇ ಕಾರು ಹೊರಬರುತ್ತಿದ್ದವು. ಕಾಯುವವರ ಪಟ್ಟಿ ವರ್ಷಗಳಷ್ಟು ಉದ್ದವಾಯಿತು. ಹಳ್ಳಿಯ ವೈದ್ಯರು, ಪಶುವೈದ್ಯರು, ಸೂಲಗಿತ್ತಿಯರು, ಪಾದ್ರಿಗಳು, ಸಣ್ಣ ರೈತರು ಇವರಿಗೆ ಮೊದಲ ಆದ್ಯತೆ. ಬಳಸಿದ ಕಾರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾದದ್ದೂ ಉಂಟು.

ಲೆಕ್ಕ ತಾಳೆಯಾಯಿತೇ?

ಮೂರು ಲೀಟರಿನ ಗುರಿ ಈಡೇರಲಿಲ್ಲ. ಸುಮಾರು 500 ಕೆ.ಜಿ. ತೂಗುತ್ತಿದ್ದ ಟೂ ಸಿ.ವಿ. ರಸ್ತೆಯ ಮೇಲೆ ನೂರು ಕಿಲೋಮೀಟರಿಗೆ ನಾಲ್ಕರಿಂದ ಐದು ಲೀಟರ್ ಪೆಟ್ರೋಲ್ ಬಳಸುತ್ತಿತ್ತು. ಅಂದರೆ ಲೀಟರಿಗೆ 20ರಿಂದ 25 ಕಿಲೋಮೀಟರ್. ಹಗುರ ಲೋಹವನ್ನು ಕೈಬಿಟ್ಟದ್ದಕ್ಕೆ, ಕಾನೂನಿಗೂ ಬಳಕೆಗೂ ಬೇಕಾದ ಎರಡನೆಯ ದೀಪ, ವಿದ್ಯುತ್ ಸ್ಟಾರ್ಟರ್ ಮುಂತಾದವನ್ನು ಸೇರಿಸಿದ್ದಕ್ಕೆ ತೆತ್ತ ಬೆಲೆ ಅದು. ಆದರೂ ಬುಲಾಂಜೆ ಎಳೆದ ಗೆರೆ ವ್ಯರ್ಥವಾಗಲಿಲ್ಲ. ಅಷ್ಟು ಕಠಿಣ ಗುರಿ ಮುಂದಿಲ್ಲದಿದ್ದರೆ ಇಷ್ಟು ಹಗುರವಾದ ಕಾರು ಹುಟ್ಟುತ್ತಿರಲಿಲ್ಲ.

ಇನ್ನೊಂದು ಕುತೂಹಲಕರ ಸಂಗತಿ. ಆರಂಭದ ಟೂ ಸಿ.ವಿ. ಕಾರುಗಳಲ್ಲಿ ಪೆಟ್ರೋಲ್ ಮುಳ್ಳು ಇರಲಿಲ್ಲ. ಟ್ಯಾಂಕಿನೊಳಗೆ ಅಳತೆಕಡ್ಡಿ ಇಳಿಸಿ, ಒದ್ದೆಯಾದ ಗುರುತನ್ನು ನೋಡಿ, ಎಷ್ಟು ಉಳಿದಿದೆಯೆಂದು ಮಾಲೀಕ ತಿಳಿಯಬೇಕಿತ್ತು. ಸೈನ್ಯದ ಲಾರಿಗೆ ಸುಳ್ಳು ಹೇಳಿದ್ದು ಒಂದು ಕಡ್ಡಿ. ಹಳ್ಳಿಯ ರೈತನಿಗೆ ಮಧ್ಯವರ್ತಿಯಿಲ್ಲದೆ ನಿಜ ಹೇಳಿದ್ದು ಇನ್ನೊಂದು ಕಡ್ಡಿ. ಹೊರಡುವ ಮೊದಲೊಮ್ಮೆ, ಮನೆಗೆ ಬಂದ ಮೇಲೊಮ್ಮೆ ಕಡ್ಡಿ ಇಳಿಸಿದರೆ ಅಂದಿನ ಸಂತೆಯ ಪ್ರಯಾಣಕ್ಕೆ ಎಷ್ಟು ಖರ್ಚಾಯಿತೆಂಬ ಅಂದಾಜು ಆತನ ಕೈಗೇ ಸಿಗುತ್ತಿತ್ತು.

ತಮ್ಮ ಕಾರು ಜನರ ಬದುಕಿನಲ್ಲಿ ಬೆರೆತುಹೋದದ್ದನ್ನು ಪೂರ್ತಿಯಾಗಿ ಕಾಣುವ ಭಾಗ್ಯ ಬುಲಾಂಜೆಯವರಿಗೆ ಇರಲಿಲ್ಲ. 1950ರ ನವೆಂಬರ್‌ನಲ್ಲಿ, ಉತ್ಪಾದನೆ ಆರಂಭವಾಗಿ ಒಂದೂವರೆ ವರ್ಷವೂ ತುಂಬುವ ಮೊದಲೇ, ಕ್ಲೆರ್ಮಾಂ-ಫೆರಾಂ ಮತ್ತು ಪ್ಯಾರಿಸ್ ನಡುವಿನ ರಸ್ತೆಯಲ್ಲಿ ತಮ್ಮದೇ ಕಂಪನಿಯ ಟ್ರಾಕ್ಸಿಯೋಂ ಅವಾಂ ಕಾರು ನಡೆಸುತ್ತಿದ್ದಾಗ ಅಪಘಾತದಲ್ಲಿ ಅಸುನೀಗಿದರು. ಆಗ ಅವರಿಗೆ 65 ವರ್ಷ. ಅವರು ಬಿಟ್ಟುಹೋದ ಪುಟ್ಟ ಕಾರು 1990ರ ಜುಲೈವರೆಗೂ ತಯಾರಾಗುತ್ತಲೇ ಇತ್ತು. ಒಟ್ಟು ಸಂಖ್ಯೆ 38 ಲಕ್ಷ ದಾಟಿತು.

ಸಿಟ್ರೋಯೆನ್ 2021ರಲ್ಲಿ ಭಾರತಕ್ಕೂ ಬಂದಿತು. ಇಂದಿನ ಕಾರುಗಳ ಡ್ಯಾಷ್‌ಬೋರ್ಡಿನಲ್ಲಿ ಕ್ಷಣಕ್ಷಣದ ಮೈಲೇಜ್ ಅಂಕಿಯಾಗಿ ಮಿನುಗುತ್ತದೆ. ಹಾಗಿದ್ದರೂ ಟ್ಯಾಂಕ್ ತುಂಬಿಸಿ, ಪುಟ್ಟ ಪುಸ್ತಕದಲ್ಲಿ ಮೀಟರ್ ಬರೆದಿಟ್ಟು ಲೆಕ್ಕ ಹಾಕುವವರು ನಮ್ಮ ನಡುವೆ ಇದ್ದಾರೆ. ಅವರನ್ನು ಜಿಪುಣರೆಂದು ನಗುವವರೂ ಇದ್ದಾರೆ. ಆ ಪುಸ್ತಕದಲ್ಲಿ ಇರುವುದು ನಗರದ ಸಿಗ್ನಲ್ಲುಗಳು, ಘಾಟಿಯ ತಿರುವುಗಳು, ಹಿಂದಿನ ಸೀಟಿನಲ್ಲಿ ಕುಳಿತ ಮನೆಮಂದಿ ಎಲ್ಲವೂ ಸೇರಿದ ಲೆಕ್ಕ. ರೈತನ ಹೊಲ, ಬುಟ್ಟಿಯ ಮೊಟ್ಟೆ, ಮೂರು ಲೀಟರ್ ಪೆಟ್ರೋಲ್ ಇವನ್ನು ಒಂದೇ ಹಾಳೆಯ ಮೇಲೆ ಬರೆದ ಬುಲಾಂಜೆಯವರು ಇದ್ದಿದ್ದರೆ, ಕಂಪನಿಯ ಅಂಕಿಗಿಂತ ಆ ಪುಸ್ತಕವನ್ನೇ ಮೊದಲು ಕೇಳಿ ಪಡೆಯುತ್ತಿದ್ದರೇನೋ.